ತೂತಿನ ಹೆಡ್‌ಫೋನು, ಎರಡು ಷರತ್ತು

ಧೈರ್ಯವಿದ್ದರೆ ಇದನ್ನು ನಂಬದೆ ಕೊನೆಯವರೆಗೂ ಓದಿ ತೋರಿಸಿ. ಓದಿ ಮುಗಿಸಿದ ಮೇಲೆ ನಮ್ಮ ಅಂಗಡಿಗೆ ಬಂದು, ನನ್ನ ಮುಖ ನೋಡಿಕೊಂಡು, "ಬಾಷಣ್ಣ, ಇದೆಲ್ಲ ಬರೀ ಬುರುಡೆ" ಅಂತ ಹೇಳುವ ಗಂಡಸು ಯಾವನಾದರೂ ಇದ್ದರೆ, ಅವನಿಗೆ ಬೂರುಗದ ಹತ್ತಿಯ ತಲೆದಿಂಬು ಒಂದನ್ನು ಬಿಟ್ಟಿಯಾಗಿ ಹೊಲಿದು ಕೊಡುತ್ತೇನೆ. ದಿಂಬಿನೊಳಗೆ ಹತ್ತಿಯ ಜೊತೆ ಇನ್ನೇನಿದೆ ಅಂತ ಮಾತ್ರ ಅವನು ಕೇಳಬಾರದು. ತುಮಕೂರಿನ ಬಟವಾಡಿಯಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡವನು ನಾನು. ಈ ಊರಿನ ಅರ್ಧ ಜನ ನಿದ್ದೆ ಮಾಡುವುದು ನನ್ನ ಹಾಸಿಗೆಯ ಮೇಲೆ. ಉಳಿದರ್ಧ ಜನಕ್ಕೆ ನಿದ್ದೆ ಬರುವುದಿಲ್ಲ, ಯಾಕೆಂದರೆ ಅವರು ಬೇರೆ ಕಡೆ ಹೊಲಿಸಿದ್ದಾರೆ.

ಹತ್ತಿ ಹಿಂಜುತ್ತಾ ಕೂತವನಿಗೆ ಕೈಗೆ ಕೆಲಸ, ತಲೆಗೆ ಬಿಡುವು. ಹಾಗಾಗಿ ನಾನು ಸೃಷ್ಟಿಯ ಬಗ್ಗೆ ಬಹಳ ಯೋಚಿಸಿದವನು. ಮೇಲಿರುವವನು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ, ಕಿವಿಗೆ ಮಾತ್ರ ಬಾಗಿಲೇ ಇಡಲಿಲ್ಲ. ಇಷ್ಟು ದೊಡ್ಡ ಕೆಲಸದಲ್ಲಿ ಒಂದು ಮರೆತು ಹೋಗಿರಬಹುದು ಅಂದುಕೊಂಡಿದ್ದೆ. ಮದುವೆಯಾದ ಮೇಲೆ ತಿಳಿಯಿತು, ಅದು ಮರೆವಲ್ಲ, ಬೇಕೆಂದೇ ಮಾಡಿದ್ದು. ಹೆಂಡತಿ ಕರೆದಾಗ ಬಾಗಿಲು ಹಾಕಿಕೊಂಡು ಕೂರದೆ ಇರಲಿ ಅಂತ.

ನನ್ನ ಹೆಂಡತಿ ಜೈನಾಬಿ ಕುಣಿಗಲ್ಲಿನವಳು. ಅವಳ ತವರಿನದೂ ಹತ್ತಿ ಹಿಂಜುವ ಮನೆತನವೇ. ಹತ್ತಿ ಹಿಂಜುವ ಬಿಲ್ಲಿನ ಟೊಂಯ್ ಟೊಂಯ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಬಸ್ ಸ್ಟ್ಯಾಂಡಿನ ಮೈಕಿನಂತೆ ಪಳಗಿದೆ. ನಮ್ಮದು ಮುಂದೆ ಅಂಗಡಿ, ಹಿಂದೆ ಒಂದೇ ಕೋಣೆ, ಅದರ ಹಿಂದೆ ಹತ್ತಿ ಒಣಹಾಕುವ ಅಂಗಳ. ಇಷ್ಟು ಜಾಗಕ್ಕೆ ಅವಳ ಗಂಟಲು ಹೆಚ್ಚಾಯಿತು. ಹೆಬ್ಬೂರಿನಲ್ಲಿ ನಿಂತು ಕೂಗಿದರೂ ನಾನು ಇಲ್ಲಿ ಎದ್ದು ನಿಲ್ಲುತ್ತೇನೆ.

ಈ ಒಂದು ಗಂಟಲಿಗೆ ಎದುರಾಗಿ ನಮ್ಮ ಮನೆಯಲ್ಲಿ ಇದ್ದದ್ದು ಇನ್ನೊಂದೇ ಗಂಟಲು. ಅದು ನನ್ನ ಟು-ಇನ್-ಒನ್. ರೇಡಿಯೋವೂ ಹೌದು, ಕ್ಯಾಸೆಟ್ಟೂ ಹೌದು. ಬೆಂಗಳೂರಿನಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಟರ್ಕಿ ಟವಲ್ ಹೊದಿಸಿಕೊಂಡು ತಂದಿದ್ದೆ. ಕಂಡಕ್ಟರ್ ಬಂದು, "ಮಗೀಗೆ ಎಷ್ಟು ವಯಸ್ಸು?" ಅಂತ ಕೇಳಿದ. "ಇನ್ನೂ ಮಾತು ಬಂದಿಲ್ಲ ಸ್ವಾಮಿ" ಅಂದೆ. ಪಾಪ, ದಾಬಸ್‌ಪೇಟೆ ದಾಟುವ ತನಕ ಅವನು ನನಗೆ ಕಿಟಕಿ ಹಾಕಿಸಿ, ಮಗುವಿಗೆ ಗಾಳಿ ತಾಗದಂತೆ ನೋಡಿಕೊಂಡ. ಅಂದಿನಿಂದ ನನ್ನ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಹಾಡು, ಮ್ಯಾಚ್ ಇದ್ದ ದಿನ ಕ್ರಿಕೆಟ್ ಕಾಮೆಂಟರಿ. ನನಗೆ ಇಂಗ್ಲಿಷು ಬರುವುದಿಲ್ಲ, ಹಿಂದಿ ಅರ್ಧ ಬರುತ್ತದೆ. ಆದರೆ ಕಾಮೆಂಟರಿ ಹೇಳುವವನ ಉಸಿರು ಏರಿದ್ದನ್ನು ಕೇಳಿಯೇ ಬಾಲು ಬೌಂಡರಿಗೆ ಹೋಯಿತೋ ಕೀಪರ್ ಕೈಗೆ ಹೋಯಿತೋ ಹೇಳಿಬಿಡುತ್ತಿದ್ದೆ. ದಾರಿಹೋಕರು ಸೈಕಲ್ ನಿಲ್ಲಿಸಿ, "ಬಾಷಣ್ಣ, ಸ್ಕೋರ್ ಎಷ್ಟು?" ಅಂತ ಕೇಳಿಕೊಂಡೇ ಮುಂದೆ ಹೋಗುತ್ತಿದ್ದರು. ಹೇಳುವಾಗ ನನ್ನ ಎದೆ ಇಷ್ಟಗಲ ಆಗುತ್ತಿತ್ತು. ನಾನೇ ಹೊಡೆದ ರನ್ನುಗಳಂತೆ ಹೇಳುತ್ತಿದ್ದೆ ಅಂತ ಜೈನಾಬಿ ಆಡಿಕೊಳ್ಳುತ್ತಾಳೆ. ಇರಬಹುದು.

ಹೀಗಿರುವಾಗ ನಮ್ಮ ಮಗಳು ಶಾಹಿದಾ ಎಸ್ಸೆಸ್ಸೆಲ್ಸಿಗೆ ಬಂದಳು. ನಮ್ಮ ಎರಡು ಕಡೆಯ ಮನೆತನದಲ್ಲಿ ಅಷ್ಟು ದೂರ ಯಾರೂ ಬಂದಿರಲಿಲ್ಲ. ಪರೀಕ್ಷೆಗೆ ಇನ್ನೇನು ತಿಂಗಳಿದೆ ಅನ್ನುವಾಗ ಜೈನಾಬಿ ಅಂಗಡಿಗೆ ಬಂದು ಬಿಲ್ಲಿನ ಮುಂದೆ ನಿಂತಳು.

"ರೀ, ಆ ಡಬ್ಬದ ಬಾಯಿ ಮುಚ್ಚಿಸ್ತೀರೋ, ಇಲ್ಲಾ ನಾನೇ ತಗಂಡೋಗಿ ಬಾವಿಗಾಕ್ಲೋ? ಮಗಳು ಅಲ್ಲಿ ಚರಿತ್ರೆ ಓದ್ತಾವ್ಳೆ. ಬಾಯಲ್ಲಿ ರಾಜನ ಹೆಸರು ಬರ್ತಾ ಇಲ್ಲ, ನಿಮ್ ಹಾಡು ಬರ್ತೈತೆ!"

ಕೆಟ್ಟ ಕಾಲಕ್ಕೆ ಆ ಹೊತ್ತಿನಲ್ಲಿ ಅವಳ ತಮ್ಮ ಮಸ್ತಾನ ಅಲ್ಲೇ ಕೂತು ಟೀ ಕುಡಿಯುತ್ತಿದ್ದ. ಕುಣಿಗಲ್ಲಿನಲ್ಲಿ ಸೈಕಲ್ ಶಾಪ್ ಇಟ್ಟವನು. ಅವನಿಗೆ ನನ್ನ ಟು-ಇನ್-ಒನ್ ಮೇಲೆ ಮೊದಲಿನಿಂದ ಕಣ್ಣು. ಬಂದಾಗಲೆಲ್ಲ ಅದರ ಮೇಲಿನ ಧೂಳನ್ನು ತನ್ನ ಕರ್ಚೀಫಿನಲ್ಲಿ ಒರೆಸುತ್ತಿದ್ದ. ಬೇರೆಯವರ ಮನೆಯ ಮಗುವನ್ನು ಮುದ್ದು ಮಾಡುವವರನ್ನು ನೋಡಿದ್ದೀರಲ್ಲ, ಹಾಗೆ.

"ಅಕ್ಕ, ಅದ್ಕ್ಯಾಕೆ ಬಾವಿ? ನಂಗೆ ಕೊಟ್ಬುಡು. ಶಾಪ್ನಾಗೆ ಜೋಪಾನವಾಗಿ ಇಟ್ಕತೀನಿ" ಅಂದ.

ಇವನಿಗೆ ನನ್ನ ಮೇಲೆ ಯಾಕಿಷ್ಟು ಪ್ರೀತಿ ಅಂತ ಹೇಳಿಬಿಡಬೇಕು. ಇವನ ಮದುವೆಗೆ ಹಾಸಿಗೆ ದಿಂಬು ಹೊಲಿದು ಕೊಟ್ಟವನು ನಾನೇ. ಮದುಮಗನ ದಿಂಬು ಅಂದಮೇಲೆ ಬರೀ ಹತ್ತಿ ತುಂಬಿದರೆ ಭಾವ ಅನ್ನಿಸಿಕೊಂಡವನಿಗೆ ಮರ್ಯಾದೆಯೇ? ನಡುವೆ ಒಂದು ಅಲಾರಂ ಗಡಿಯಾರ ಇಟ್ಟು, ಕೀಲಿ ಕೊಟ್ಟು, ಹೊಲಿದುಬಿಟ್ಟೆ. ಬೆಳಗಿನ ಜಾವಕ್ಕೆ ಅದು ಬಡಿದುಕೊಳ್ಳಲು ಶುರುಮಾಡಿದಾಗ ಮಸ್ತಾನ ದಿಂಬನ್ನು ಅಪ್ಪಿಕೊಂಡು ಅಂಗಳಕ್ಕೆ ಓಡಿ ಬಂದನಂತೆ. ಅತ್ತೆ ಮಾವ ಎದ್ದರು, ಬೀದಿ ಎದ್ದಿತು, ಕುಣಿಗಲ್ಲಿನ ಕೋಳಿಗಳೆಲ್ಲ ಗಾಬರಿಯಾಗಿ ಸರದಿ ತಪ್ಪಿ ಕೂಗಿದವು. ಕೊನೆಗೆ ಕತ್ತರಿ ತಂದು ದಿಂಬಿನ ಹೊಟ್ಟೆ ಕೊಯ್ದು ಗಡಿಯಾರ ಹೊರಗೆ ತೆಗೆಯಬೇಕಾಯಿತು. ನೋಡಿದವರು ಸೂಲಗಿತ್ತಿಗೆ ಹೇಳಿಕಳಿಸೋಣವೇ ಅಂತ ಕೇಳಿದರಂತೆ. ಇಷ್ಟು ಸಣ್ಣ ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂತಿದ್ದಾನೆ ನೋಡಿ.

ನಾನು ಹೆಂಡತಿಯ ಮುಂದೆ ಕೈ ಮುಗಿದೆ. "ಕಿವಿಗೆ ಹಾಕ್ಕೊಳ್ಳೋದು ಸಿಗ್ತೈತಂತೆ ಕಣೇ, ಹೆಡ್‌ಫೋನು ಅಂತ. ನಾನು ಕೇಳ್ತೀನಿ, ನಿಮಗ್ಯಾರಿಗೂ ಕೇಳಿಸಲ್ಲ" ಅಂದೆ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸರಿ. ಎರಡು ಮಾತು. ಒಂದು, ಆ ರೇಡಿಯೋ ಸದ್ದು ನಮ್ಗೆ ಕೇಳಿಸ್ಬಾರ್ದು. ಎರಡು, ನಾನು ಕೂಗಿದ್ದು ನಿಮ್ಗೆ ಕೇಳಿಸ್ಬೇಕು. ಪರೀಕ್ಷೆ ಮುಗಿಯೋದ್ರೊಳ್ಗೆ ಎರಡ್ರಲ್ಲಿ ಒಂದು ತಪ್ಪಿದ್ರೂ ಡಬ್ಬ ಮಸ್ತಾನಂದು. ಇಟ್ಕೊಳ್ಳೋಕಲ್ಲ, ಪೂರ್ತಿ ಅವನ್ದೇ."

"ತೀರ್ಪು ಹೇಳೋರ್ ಯಾರು?" ಅಂದೆ.

ಒಳಗಿನಿಂದ ಪುಸ್ತಕ ಹಿಡಿದೇ ಶಾಹಿದಾ ಬಂದಳು. "ಪರೀಕ್ಷೆ ನಂದು ಅಬ್ಬಾ. ಅಂಪೈರೂ ನಾನೇ" ಅಂದಳು. ಮಗಳಲ್ಲವೇ ಅಂತ ಸಂತೋಷದಿಂದ ಒಪ್ಪಿಕೊಂಡೆ. ಮಸ್ತಾನ ಎದ್ದು ಹೋಗುವಾಗ ಟು-ಇನ್-ಒನ್ ಕಡೆ ತಿರುಗಿ, "ಬರ್ತೀನಿ ಕಣೋ" ಅಂದ. ನನಗೆ ಹೇಳಲಿಲ್ಲ, ಅದಕ್ಕೆ ಹೇಳಿದ.

ಈಗ ಹೆಡ್‌ಫೋನು ಆರಿಸಬೇಕು. ಹಾಡಿಗೂ ಆಗಬೇಕು, ಆಟಕ್ಕೂ ಆಗಬೇಕು, ಕೈಗೆಟುಕುವಂತೆಯೂ ಇರಬೇಕು. ಇದರ ಮೇಲೆ ಹೆಂಡತಿಯ ಎರಡು ಷರತ್ತು. ಒಳಗಿನ ಸದ್ದು ಹೊರಗೆ ಹೋಗಬಾರದು, ಹೊರಗಿನ ಸದ್ದು ಒಳಗೆ ಬರಬೇಕು. ಹೆಣ್ಣು ಹುಡುಕುವಾಗಲೂ ನಮ್ಮಮ್ಮ ಇಷ್ಟು ಷರತ್ತು ಇಟ್ಟಿರಲಿಲ್ಲ, ಹಾಗಾಗಿಯೇ ಜೈನಾಬಿ ಸಿಕ್ಕಿದ್ದು.

ಮೊದಲು ತುಮಕೂರು ಪೇಟೆಯ ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿನವನು ಗಾಜಿನ ಕಪಾಟಿನಿಂದ ಒಂದು ತೆಗೆದ. ಎರಡು ಕಡೆ ರೆಕ್ಸಿನ್ನಿನ ದಪ್ಪ ಮೆತ್ತೆ, ಹಿಂದೆ ಗಟ್ಟಿ ಮುಚ್ಚಳ. ಮೆತ್ತೆಯನ್ನು ಒತ್ತಿ ನೋಡಿದೆ, ಕಸುಬಿನವನಲ್ಲವೇ, ಹೊಲಿಗೆ ಪರವಾಗಿಲ್ಲ, ಒಳಗೆ ತುಂಬಿದ್ದು ಮಾತ್ರ ಕಳಪೆ. ಕಿವಿಗೆ ಹಾಕಿಕೊಂಡೆ. ಅಬ್ಬಬ್ಬಾ! ಎದುರಿನ ರಸ್ತೆ ಮಾಯ, ಆಟೋಗಳು ಮಾಯ, ಅಂಗಡಿಯವನ ಬಾಯಿ ಆಡುತ್ತಿದೆ, ಮಾತೇ ಇಲ್ಲ. ಅವನು ಬೆಲೆ ಹೇಳುತ್ತಿದ್ದನೋ ಬೈಯುತ್ತಿದ್ದನೋ, ನಾನು ನಗುನಗುತ್ತಾ ತಲೆಯಾಡಿಸಿದೆ. ಅವನು ಆಗಲೇ ಬಿಲ್ ಬರೆಯಲು ಶುರುಮಾಡಿದ್ದ! ಗಾಬರಿಯಾಗಿ ಕಿತ್ತು ಅವನ ಕೈಗಿಟ್ಟೆ. ಸೆಖೆಗೆ ಅಷ್ಟು ಹೊತ್ತಿಗೇ ಎರಡು ಕಿವಿಯೂ ಇಡ್ಲಿಯಂತೆ ಬೆಂದಿದ್ದವು. ಇದು ಹಾಕಿಕೊಂಡು ಕೂತರೆ ಜೈನಾಬಿ ಕರೆದದ್ದಿರಲಿ, ಲೋಕ ಮುಳುಗುವ ಕಯಾಮತ್ತು ಬಂದರೂ ನನಗೆ ಗೊತ್ತಾಗುವುದಿಲ್ಲ.

ಆಮೇಲೆ ಕುಣಿಗಲ್ಲಿಗೆ ಹೋದೆ. ಮಸ್ತಾನನೇ, "ಬನ್ನಿ ಭಾವ, ನಮ್ ಕಡೆ ಅಗ್ಗ ಸಿಗ್ತೈತೆ, ನಾನ್ ಕೊಡ್ಸ್ತೀನಿ" ಅಂತ ಹೇಳಿ ಕಳಿಸಿದ್ದ. ಅಲ್ಲಿ ಸಿಕ್ಕಿದ್ದು ಒಂದೇ ಕಿವಿಯದು. ಕಡಲೆಕಾಯಿ ಗಾತ್ರದ್ದು, ಕಿವಿಯೊಳಗೆ ತುರುಕಿಕೊಳ್ಳುವುದು. ನೋಡಿದ ಕೂಡಲೇ ಖುಷಿಯಾಯಿತು. ಒಂದು ಕಿವಿ ಹಾಡಿಗೆ, ಇನ್ನೊಂದು ಹೆಂಡತಿಗೆ! ಇದಕ್ಕಿಂತ ನ್ಯಾಯವಾದ ಸಂಸಾರ ಉಂಟೇ? ಆದರೆ ಪರೀಕ್ಷೆ ಮಾಡಲು ಕ್ಯಾಸೆಟ್ ಹಾಕಿ ಕೇಳಿದರೆ ತಬಲ ಬರುತ್ತಿದೆ, ಪಿಟೀಲು ಬರುತ್ತಿದೆ, ಹಾಡುವವಳೇ ಇಲ್ಲ. "ಹಾಡೋಳು ಎಲ್ಲೋದ್ಲಪ್ಪ?" ಅಂದರೆ ಅಂಗಡಿಯವನು ತಣ್ಣಗೆ, "ಆಯಮ್ಮ ಇನ್ನೊಂದು ಕಿವಿಗೆ ಬರ್ತಾಳೆ, ಇದಕ್ಕೆ ಇನ್ನೊಂದು ಕಿವಿ ಇಲ್ಲ" ಅಂದ. ಮಸ್ತಾನ, "ಇದೇ ಚೆನ್ನಾಗೈತೆ ತಗಳಿ ಭಾವ" ಅಂತ ಬಲವಂತ ಮಾಡಿದ. ಅದರ ತಂತಿ ಎಷ್ಟು ಗಿಡ್ಡ ಅಂದರೆ, ಕೆನ್ನೆಯನ್ನು ಟು-ಇನ್-ಒನ್ ಮೇಲೆ ಇಟ್ಟು ಮಲಗಿದರೆ ಮಾತ್ರ ಕೇಳಿಸುತ್ತದೆ. ಒಂದು ದಿನ ಬೇಸತ್ತು ನಾನೇ ತಂತಿ ಕಿತ್ತು ಸದ್ದು ಹೊರಗೆ ಬಿಡುತ್ತೇನೆ ಅಂತ ಇವನ ಲೆಕ್ಕಾಚಾರ. ನಾನು ಇವನಿಗೆ ಅಲಾರಂ ಇಟ್ಟ ಭಾವ. ಅಷ್ಟೂ ತಿಳಿಯುವುದಿಲ್ಲವೇ?

ಕೊನೆಗೆ ಸಿಕ್ಕಿದ್ದು ಗುಬ್ಬಿಯಲ್ಲಿ. ಅಲ್ಲಿ ರಂಗಸ್ವಾಮಿ ಅಂತ ಒಬ್ಬ ರೇಡಿಯೋ ರಿಪೇರಿಯವನು, ನನ್ನ ಹಾಸಿಗೆಯ ಗಿರಾಕಿ. ಅವನು ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ, ಧೂಳು ಊದಿ, ಒಂದು ಹೆಡ್‌ಫೋನು ಹೊರಗೆ ತೆಗೆದ. ತೆಳ್ಳಗೆ, ಹಗುರ. ಕಿವಿಗೆ ತಾಗುವ ಕಡೆ ಸ್ಪಂಜು. ಹಿಂದಿನ ಕಡೆ ಮುಚ್ಚಳವೇ ಇಲ್ಲ, ಟೀ ಸೋಸುವ ಜಾಲರಿಯಂತೆ ಬರೀ ತೂತು.

"ಇದೇನ್ಲಾ ರಂಗಸ್ವಾಮಿ, ಇಲಿ ತಿಂದೈತಾ?" ಅಂದೆ.

"ಅಯ್ಯೋ, ಕಂಪ್ನಿಯೋರೇ ಹಂಗ್ ಮಾಡವ್ರೆ ಕಣಣ್ಣ. ಹಿಂದ್ಗಡೆ ತೆರೆದಿದ್ರೆ ಗಾಳಿ ಆಡ್ತೈತಂತೆ, ಹಾಡು ಬಯಲಲ್ಲಿ ಕೂತು ಕೇಳ್ದಂಗಿರ್ತೈತಂತೆ. ನಮ್ ಜನ ಎಲ್ ಕೇಳ್ತಾರೆ? ತೂತು ನೋಡಿ, ಡ್ಯಾಮೇಜ್ ಪೀಸು ಅಂತ ಯಾರೂ ತಗಳ್ಳಲ್ಲ. ನೀನ್ ತಗಂಡೋಗು, ಅರ್ಧಕ್ಕೇ ಕೊಡ್ತೀನಿ."

ಹಾಕಿಕೊಂಡೆ. ನಿಜ ಹೇಳಲೇ? ಕೂದಲೆಲ್ಲ ನಿಮಿರಿ ನಿಂತಿತು. ಹಾಡು ಕಿವಿಯೊಳಗೆ ಅಲ್ಲ, ಎದುರಿನ ಹುಣಿಸೆ ಮರದ ಕೆಳಗೆ ಕೂತು ಯಾರೋ ಹಾಡುತ್ತಿದ್ದಂತೆ ಇತ್ತು. ತಬಲದವನು ಎಡಕ್ಕೆ ಕೂತಿದ್ದಾನೆ, ಪಿಟೀಲಿನವನು ಬಲಕ್ಕೆ, ಹಾಡುವವಳು ನಟ್ಟನಡುವೆ. ರೇಡಿಯೋಗೆ ತಿರುಗಿಸಿದರೆ ಯಾವುದೋ ಮ್ಯಾಚು, ಬ್ಯಾಟಿಗೆ ಬಾಲು ಬಡಿದ ಟಕ್ ಸದ್ದು, ಹಿಂದೆ ಜನರ ಗದ್ದಲ, ಆ ಗದ್ದಲದಲ್ಲಿ ಕಡಲೆಕಾಯಿ ಮಾರುವವನ ಕೂಗು. ಇದೆಲ್ಲ ಸರಿ, ಎರಡನೇ ಷರತ್ತು? ಅಲ್ಲಿ ನನ್ನ ಬುದ್ಧಿ ನೋಡಿ. "ರಂಗಸ್ವಾಮಿ, ನಾನ್ ಹಾಡು ಕೇಳ್ತಾ ಕಣ್ ಮುಚ್ಕೊಂಡಿರ್ತೀನಿ, ನೀನು ಮೆತ್ತಗೆ ನನ್ನ ಬೈಯಿ" ಅಂದೆ.

"ಮೆತ್ತಗೆ ಅಂದ್ರೆ ಎಷ್ಟು ಮೆತ್ತಗೆ?"

"ಗಿರಾಕಿ ಆಕಡೆ ತಿರುಗಿದಾಗ ಬೈತೀಯಲ್ಲ, ಅಷ್ಟು."

ಅವನು ಶುರುಮಾಡಿದ. "ಕಳ್ ನನ್ಮಗ, ಹಾಸಿಗೇಲಿ ಹೊಸಾ ಹತ್ತಿ ಅಂತ ಹೇಳಿ ಹಳೇದು ತುಂಬ್ದ, ನನ್ ಸೊಂಟ ಹಿಡ್ಕಂಡು ಎರಡು ವರ್ಷ ಆಯ್ತು, ಇವನ ಮನೆ ಹಾಳಾಗ." ಒಂದೊಂದು ಅಕ್ಷರವೂ ಸ್ಪಷ್ಟ! ಸಾಕು ಅಂತ ಕೈ ಎತ್ತಿದರೂ ಅವನು ನಿಲ್ಲಿಸಲಿಲ್ಲ, ಪಕ್ಕದ ಅಂಗಡಿಯವನನ್ನೂ ಕರೆದು, "ಬಾರೋ, ಈವತ್ತು ಬಾಷಣ್ಣನ್ನ ಬೈಯೋಕೆ ಪರ್ಮಿಷನ್ ಐತೆ" ಅಂದ. ಎಷ್ಟು ಒಳ್ಳೆಯ ಹೆಡ್‌ಫೋನು ಅಂದರೆ ಇಬ್ಬರೂ ಒಟ್ಟಿಗೆ ಬೈದರೂ ಯಾವುದು ಯಾರ ಬೈಗುಳ ಅಂತ ಬಿಡಿಸಿ ಹೇಳಬಹುದಿತ್ತು. ಅಲ್ಲೇ ಕೊಂಡೆ.

ಅಂಗಡಿಯಲ್ಲಿ ಕೂತು ಹಾಕಿಕೊಂಡ ಮೊದಲ ದಿನ ಜೈನಾಬಿ ಅಂಗಳದಿಂದ, "ರೀ" ಅಂದಳು. ಹಾಡು ಕೇಳುತ್ತಲೇ, "ಬಂದೆ ಕಣೇ" ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಇನ್ನೂ ಸಣ್ಣ ದನಿಯಲ್ಲಿ, "ಈ ಮನುಷ್ಯನಿಗೆ ಬುದ್ಧಿ ಯಾವಾಗ ಬರ್ತೈತೋ" ಅಂದಳು. "ಅದು ಬರಲ್ಲ ಬಿಡು" ಅಂತ ಅದಕ್ಕೂ ಉತ್ತರ ಕೊಟ್ಟೆ. ಅವಳು ಮಾತೇ ಆಡದೆ ಒಳಗೆ ಹೋದಳು. ನಮ್ಮ ದಾಂಪತ್ಯದಲ್ಲಿ ಅವಳು ಮಾತೇ ಆಡದೆ ಒಳಗೆ ಹೋದದ್ದು ಅದೇ ಮೊದಲು. ಗೆದ್ದೆ ಅಂದುಕೊಂಡೆ.

ಆದರೆ ತೂತು ಅನ್ನುವುದು ಒಂದು ಕಡೆಯ ರಸ್ತೆಯಲ್ಲ. ಹೊರಗಿನದು ಒಳಗೆ ಬರುವ ದಾರಿಯಲ್ಲೇ ಒಳಗಿನದು ಹೊರಗೂ ಹೋಗುತ್ತದೆ. ಇದು ನನಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಹೆಡ್‌ಫೋನು ಹಾಕಿಕೊಂಡವನಿಗೆ ತನ್ನ ಹೆಡ್‌ಫೋನಿನ ಸದ್ದು ಹೊರಗೆ ಎಷ್ಟು ಕೇಳಿಸುತ್ತದೆ ಅಂತ ಗೊತ್ತಾಗುವುದಿಲ್ಲ, ಗೊರಕೆ ಹೊಡೆಯುವವನಿಗೆ ಗೊರಕೆ ಗೊತ್ತಾಗದಂತೆ. ನಾನು ಹಿಂಜುವುದಿದ್ದರೆ ಬಿಲ್ಲಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಕೈ ನಿಲ್ಲಿಸಿ ಹೊಲಿಗೆಗೆ ಕೂತಾಗ ಒಳಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದ ಶಾಹಿದಾಗೆ ಸೊಳ್ಳೆ ಹಾಡಿದಷ್ಟು ಸಣ್ಣಗೆ ಎಲ್ಲವೂ ಕೇಳಿಸುತ್ತಿತ್ತಂತೆ. ಅವಳು ಬಾಯಿ ಬಿಡಲಿಲ್ಲ. ಹಿಡಿದವಳು ಜೈನಾಬಿ.

"ಲೆಕ್ಕ ಮಾಡೋ ಹುಡುಗಿ ಕಾಲು ಯಾಕೆ ತಾಳ ಹಾಕ್ತೈತೆ?" ಅಂದಳು ಒಂದು ಮಧ್ಯಾಹ್ನ.

ಶಾಹಿದಾ ಕಾಲು ನಿಲ್ಲಿಸಿದಳು. ಅಂಗಡಿಯಿಂದ ಹಾಡೂ, ಒಳಗಿಂದ ಮಗಳ ಕಾಲೂ ಒಂದೇ ತಾಳದಲ್ಲಿ ನಡೆದದ್ದನ್ನು ಜೈನಾಬಿ ಬಹಳ ಹೊತ್ತಿನಿಂದ ನೋಡುತ್ತಿದ್ದಳಂತೆ. ನನ್ನ ಬಳಿ ಬಂದು ಹೆಡ್‌ಫೋನು ಕಿತ್ತುಕೊಂಡಳು. ಮುಗಿಯಿತು, ಡಬ್ಬ ಕುಣಿಗಲ್ ಬಸ್ ಹತ್ತಿತು ಅಂದುಕೊಂಡು ನಾನು ಎದೆ ಹಿಡಿದುಕೊಂಡೆ.

"ಅಂಪೈರಮ್ಮ, ನೀನ್ಯಾಕೆ ಸುಮ್ನಿದ್ದೆ?" ಅಂತ ಮಗಳನ್ನು ಕೇಳಿದಳು.

"ಸೊಳ್ಳೆ ಅಂದ್ಕೊಂಡೆ ಅಮ್ಮ" ಅಂದಳು ಶಾಹಿದಾ. ಮಗಳು ಅಂದರೆ ಹೀಗಿರಬೇಕು!

ಜೈನಾಬಿ ನನ್ನನ್ನೂ ಅವಳನ್ನೂ ಒಂದು ಸಲ ನೋಡಿದಳು. "ನನ್ ತಮ್ಮ ಹೋದ್ ಸಲ ಬಂದಾಗ ನನ್ ಕೈ ಅಡಿಗೆಗೆ ಉಪ್ಪು ಕಮ್ಮಿ ಅಂದ. ಅವನ್ಗ್ಯಾಕೆ ಇಷ್ಟ್ ಬೇಗ ಕೊಡ್ಬೇಕು?" ಅಂತ ಗೊಣಗಿ ಹೆಡ್‌ಫೋನನ್ನು ಒಳಗೆ ತೆಗೆದುಕೊಂಡು ಹೋದಳು.

ಬೇರೆ ಯಾವ ಮನೆಯಲ್ಲೇ ಆಗಿದ್ದರೂ ಆ ಹೆಡ್‌ಫೋನನ್ನು ಅಂಗಡಿಗೆ ವಾಪಸ್ ಕೊಡುತ್ತಿದ್ದರು. ನಮ್ಮದು ಹತ್ತಿಯ ಮನೆ. ನಮ್ಮವರ ಕಣ್ಣಿಗೆ ಈ ಲೋಕದಲ್ಲಿ ಎರಡೇ ಜಾತಿಯ ವಸ್ತುಗಳು: ತುಂಬಿ ಹೊಲಿದಿರುವವು, ಇನ್ನೂ ತುಂಬಬೇಕಾಗಿರುವವು. ಸಂಜೆ ಅವಳು ಅದನ್ನು ತಂದು ಮಡಿಲಿಗೆ ಹಾಕಿದಾಗ ನನಗೇ ಗುರುತು ಸಿಗಲಿಲ್ಲ. ಎರಡು ಕಡೆಯ ತೂತಿನ ಮೇಲೂ ಬೂರುಗದ ಹತ್ತಿಯನ್ನು ಹದವಾಗಿ ಹಿಂಜಿ, ಒತ್ತಿ ತುಂಬಿ, ಯಾವುದೋ ಮದುವೆಯ ರಜಾಯಿಯಲ್ಲಿ ಮಿಕ್ಕಿದ್ದ ಕೆಂಪು ಸ್ಯಾಟಿನ್ ಬಟ್ಟೆಯ ಗವಸು ಹೊಲಿದು, ನಡುವೆ ಗುಂಡಿಯನ್ನೂ ಹಾಕಿದ್ದಳು. ಕಿವಿಗೆ ಎರಡು ಪುಟ್ಟ ದಿಂಬುಗಳು. ಒಂದು ಗೊಂಡೆ ಕಟ್ಟಿದ್ದರೆ ಮದುಮಗನ ಕುದುರೆಗೆ ಹಾಕಬಹುದಿತ್ತು.

ಹಾಕಿಕೊಂಡೆ. ಸ್ವರ್ಗದ ಬಾಗಿಲು ಹಾಕಿದಂತೆ ಆಯಿತು. ಒಳಗೆ ನಾನು, ಹೊರಗೆ ಎಲ್ಲರೂ. ಮೊದಲಿನ ಬಯಲಿನ ಹಾಡು ಹೋಗಿ ಹಾಡುವವಳು ನನ್ನ ತಲೆಯೊಳಗೇ ಬಂದು ಕೂತಿದ್ದಳು, ಸ್ವಲ್ಪ ಸೆಖೆಯಾಗುತ್ತಿತ್ತು, ಆದರೂ ಏನು ನೆಮ್ಮದಿ! ಒಂದು ತೊಟ್ಟೂ ಸದ್ದು ಹೊರಗೆ ಹೋಗುತ್ತಿಲ್ಲ ಅಂತ ಶಾಹಿದಾ ಬಂದು ಕಿವಿ ಹಚ್ಚಿ ನೋಡಿ ಸರ್ಟಿಫಿಕೇಟು ಕೊಟ್ಟಳು, ಸ್ವಲ್ಪ ಮುಖ ಚಿಕ್ಕದು ಮಾಡಿಕೊಂಡೇ. ಹೊರಗಿನ ಸದ್ದು ಒಳಗೆ ಬರುತ್ತಿದೆಯೇ ಅಂತ ಮಾತ್ರ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಜೈನಾಬಿ ಎದುರಿಗೆ ಬಂದು ತುಟಿ ಆಡಿಸಿದರೆ ತಟ್ಟನೆ ಎದ್ದು ನೀರಿನ ಕೊಡ ಹಿಡಿದುಕೊಳ್ಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಅವಳು ಹೇಳಿದ್ದು ನೀರಿನ ವಿಷಯವೇ ಆಗಿರುತ್ತಿತ್ತು.

ಪರೀಕ್ಷೆ ಹತ್ತಿರ ಬಂತು. ಶಾಹಿದಾ ಪಾಠ ಒಪ್ಪಿಸುತ್ತಾ ಅಂಗಳದಲ್ಲಿ ಓಡಾಡುತ್ತಿದ್ದಳು. ಅದೊಂದು ಭಾನುವಾರ, ಭಾರೀ ಮ್ಯಾಚು. ಚೇಳೂರಿನವರ ಮದುವೆಗೆ ಹಾಸಿಗೆಗಳು ಆಗಬೇಕಿತ್ತು. ಅದರ ಹತ್ತಿಯನ್ನೆಲ್ಲ ಹಿಂಜಿ, ಅಂಗಳದಲ್ಲಿ ಜಮಖಾನದ ಮೇಲೆ ಬಿಸಿಲಿಗೆ ಹರವಿದ್ದೆವು. ಹತ್ತಿ ಬಿಸಿಲಿಗೆ ಹಿಗ್ಗಿ ಸೊಂಟದೆತ್ತರ ನಿಂತಿತ್ತು. "ಗಾಳಿ ಎದ್ರೆ ಕೂಗ್ತೀನಿ, ಬಂದು ಮೇಲೆ ಬೆಡ್‌ಶೀಟ್ ಎಳ್ದು ಕಲ್ಲು ಹೇರ್ಬೇಕು" ಅಂತ ಜೈನಾಬಿ ಹೇಳಿ ಹೋದಳು. ನಾನು ಅಂಗಡಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ, ಕೆಂಪು ದಿಂಬುಗಳನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತೆ. ನಮ್ಮ ಕಡೆಯ ಬ್ಯಾಟ್ಸ್‌ಮನ್ ಆಗ ತಾನೇ ಕೈ ಬಿಚ್ಚಿ ಹೊಡೆಯಲು ಶುರುಮಾಡಿದ್ದ.

ಆಮೇಲೆ ನಡೆದದ್ದನ್ನು ನಾನು ನೋಡಲಿಲ್ಲ, ಇಡೀ ಬಟವಾಡಿ ನೋಡಿತು. ಸುಂಟರಗಾಳಿ ಎದ್ದಿತಂತೆ. ಜೈನಾಬಿ, "ರೀ! ಹತ್ತಿ! ರೀ, ಹತ್ತಿ ಹಾರ್ತೈತೆ!" ಅಂತ ತನ್ನ ಅಷ್ಟೂ ಗಂಟಲು ತೆರೆದು ಕೂಗಿದಳಂತೆ. ಎದುರು ಮನೆಯವರು ಬಂದರು, ಹಿಂದಿನ ಬೀದಿಯವರು ಬಂದರು, ಗಂಡ ಒಬ್ಬನನ್ನು ಬಿಟ್ಟು ಊರೆಲ್ಲ ಓಡಿ ಬಂತು. ಅಷ್ಟರಲ್ಲಿ ಹತ್ತಿ ಗೋಡೆ ಹತ್ತಿ, ಮಾಡು ಹತ್ತಿ, ಹೈವೇಗೆ ಇಳಿದಿತ್ತು. ಒಂದು ಲಾರಿ ಬಿಳಿ ಗಡ್ಡ ಬಿಟ್ಟುಕೊಂಡು ಶಿರಾ ಕಡೆಗೆ ಹೋಯಿತು. ಎದುರಿನ ಹೋಟೆಲಿನವನ ಬೋಂಡದ ಬಾಣಲೆಗೆ ಒಂದು ಹಿಡಿ ಬಿದ್ದು, ಅವನು ಗಮನಿಸದೆ ಕರಿದು ತಟ್ಟೆಗೆ ಹಾಕಿಬಿಟ್ಟನಂತೆ. ತಿಂದವನು ಇನ್ನೊಂದು ಪ್ಲೇಟು ಕೇಳಿದನಂತೆ. ಇದೇ ಹೊತ್ತಿಗೆ ಕುಣಿಗಲ್ ಬಸ್ಸಿನಿಂದ ಒಂದು ಗೊನೆ ಬಾಳೆಹಣ್ಣು ಹೆಗಲ ಮೇಲೆ ಹೊತ್ತು ಮಸ್ತಾನ ಇಳಿದ. ಅಕ್ಕನ ಕೂಗು ಕೇಳಿ ಗೊನೆ ಬಿಸಾಕಿ ಓಡಿ ಬಂದು, ಹತ್ತಿಯ ರಾಶಿಯ ಮೇಲೆ ಅಡ್ಡಡ್ಡ ಬಿದ್ದು ತನ್ನ ಮೈಯಿಂದಲೇ ಹಿಡಿದುಕೊಂಡನಂತೆ. ಒಳ್ಳೆಯ ಹುಡುಗ, ಇಲ್ಲ ಅನ್ನುವುದಿಲ್ಲ.

ಎಲ್ಲ ಮುಗಿದ ಮೇಲೆ ಅವನು ನನ್ನೆದುರು ಬಂದು ನಿಂತ. ಬೆವರಿಗೆ ಮೆತ್ತಿಕೊಂಡ ಹತ್ತಿ, ಹುಬ್ಬಿನ ಮೇಲೆ ಹತ್ತಿ, ಮೂಗಿನಲ್ಲಿ ಹತ್ತಿ. ಬಕ್ರೀದಿಗೆ ತಂದ ಕುರಿಯಂತೆ ಇದ್ದ. "ಭಾವ!" ಅಂದನಂತೆ. ನಾನು ಕಣ್ಣು ಮುಚ್ಚಿ, ತೊಡೆ ತಟ್ಟಿ, "ಹೊಡೀ! ಎತ್ತಿ ಹೊಡೀ ಅವನ್ನ! ಬುಡಬೇಡ, ಇನ್ನೊಂದು ಹೊಡೀ!" ಅಂತ ಆರ್ಭಟ ಮಾಡಿದೆ. ಪಕ್ಕದಲ್ಲಿ ನಿಂತಿದ್ದ ಜೈನಾಬಿ ಇನ್ನೇನು ಹೊಡೆದೇ ಬಿಡುತ್ತಿದ್ದಳು, ಮಸ್ತಾನನನ್ನಲ್ಲ. ಕಿವಿಯಿಂದ ದಿಂಬುಗಳನ್ನು ಕಿತ್ತಾಗ ಕಣ್ಣು ತೆರೆದೆ. ಎದುರಿಗೆ ಬಿಳಿಯ ಆಕೃತಿ. ಸತ್ತೆ, ಜೀವ ಒಯ್ಯೋಕೆ ಫರಿಷ್ತೆ ಬಂದವ್ನೆ ಅಂದುಕೊಂಡು ಕಲ್ಮಾ ಓದಲು ಶುರುಮಾಡಿದೆ. ಆ ಫರಿಷ್ತೆ ಸೀನಿತು.

ಬೀದಿಯವರೆಲ್ಲ ಸುತ್ತ ನಿಂತೇ ಇದ್ದರು. ಮಸ್ತಾನ ಹತ್ತಿ ಉಗುಳುತ್ತಾ, "ಅಕ್ಕ, ಕೂಗಿದ್ದು ಕೇಳಿಸ್ಲಿಲ್ಲ. ಎರಡ್ನೇ ಮಾತು ತಪ್ತು. ಡಬ್ಬ ನಂದು" ಅಂದ.

"ಏನ್ಲಾ, ತೂತು ಮುಚ್ಚಿದ್ದು ನಿನ್ನಕ್ಕ! ಕಿವೀಗೆ ದಿಂಬು ಹೊಲ್ದು ಕೇಳಿಸ್ಲಿಲ್ಲ ಅಂದ್ರೆ?" ಅಂದೆ.

"ಕೇಳಿಸ್ದೆ ಇದ್ರೆ ಹೇಳ್ಬೇಕಾಗಿತ್ತು ತಾನೆ?" ಅಂದಳು ಜೈನಾಬಿ.

"ನೀನು ಕೇಳ್ದಾಗ ಹೇಳ್ತಿದ್ದೆ."

"ನಾನು ಕೇಳಿದ್ದೇ ನಿಮ್ಗೆ ಕೇಳಿಸ್ತಿರ್ಲಿಲ್ವಲ್ಲ!"

ಎಲ್ಲರೂ ಅಂಪೈರಿನ ಕಡೆ ತಿರುಗಿದರು. ಶಾಹಿದಾ ಜಡೆಯಿಂದ ಹತ್ತಿ ಬಿಡಿಸಿಕೊಂಡು, ಹೆಡ್‌ಫೋನನ್ನು ಕೈಗೆ ತೆಗೆದುಕೊಂಡು, ಒಂದು ಸಲ ತಾನೇ ಹಾಕಿ ನೋಡಿ, ತೆಗೆದು, ಗಂಟಲು ಸರಿಮಾಡಿಕೊಂಡಳು. ನನ್ನ ಟು-ಇನ್-ಒನ್ ಕಪಾಟಿನ ಮೇಲೆ ಇನ್ನೂ ಸಣ್ಣಗೆ ದೀಪ ಉರಿಸಿಕೊಂಡು ಕೂತಿತ್ತು. ಅವಳು ಬೆರಳು ಎತ್ತಿದಳೋ ಇಲ್ಲವೋ ಅಂತ ನೋಡಲೂ ಆಗದೆ ಮತ್ತೆ ಕಣ್ಣು ಮುಚ್ಚಿಕೊಂಡೆ. "ನಾಟ್ ಔಟ್" ಅಂದಳು.

ಮಸ್ತಾನ ಬಾಳೆಗೊನೆಯನ್ನು ಇಲ್ಲೇ ಬಿಟ್ಟು ಬಸ್ ಹತ್ತಿದ. ಶಾಹಿದಾ ಪರೀಕ್ಷೆ ಬರೆದಳು, ಪಾಸಾದಳು. ಚೇಳೂರಿನ ಹಾಸಿಗೆಗೆ ನಮ್ಮ ಮನೆಯ ಹಾಸಿಗೆಯನ್ನೇ ಬಿಚ್ಚಿ ಹತ್ತಿ ಹಾಕಿದೆವು. ಜೈನಾಬಿ ಕೆಂಪು ಗವಸು ಬಿಚ್ಚಿ, ಹತ್ತಿ ಕಿತ್ತು, ಮತ್ತೆ ತೂತು ಕಾಣುವಂತೆ ಮಾಡಿ ಕೊಟ್ಟಳು. ಆಮೇಲೆ ವರ್ಷಗಟ್ಟಲೆ ನಾನು ಅದನ್ನು ಹಾಕಿಕೊಂಡೇ ಅಂಗಡಿಯಲ್ಲಿ ಕೂತೆ, ದಾರಿಹೋಕರು ಸೈಕಲ್ ನಿಲ್ಲಿಸಿ, "ಬಾಷಣ್ಣ, ಸ್ಕೋರ್ ಎಷ್ಟು?" ಅಂತ ಕೇಳಿದರೆ ಎದೆ ಅಗಲ ಮಾಡಿಕೊಂಡು ಹೇಳುತ್ತಲೇ ಬಂದೆ. ಮರುದಿನದ ಪೇಪರಿನಲ್ಲಿ ಒಂದೊಂದು ಸಲ ಬೇರೆ ಸ್ಕೋರ್ ಬರುತ್ತಿತ್ತು. ಪೇಪರಿನವರ ಕೈತಪ್ಪು ಅಂತ ನಾನೇ ಸಮಾಧಾನ ಹೇಳುತ್ತಿದ್ದೆ.

ಇಲ್ಲಿಯವರೆಗೆ ನಂಬದೆ ಓದಿದ್ದೀರಾ? ಹಾಗಾದರೆ ದಿಂಬು ಕೊಡುವ ಮೊದಲು ಒಂದು ಮಾತು. ಇದರಲ್ಲಿ ಗಡಿಯಾರ ನಿಜ, ಗುಬ್ಬಿಯ ಬೈಗುಳ ನಿಜ, ಲಾರಿಯ ಗಡ್ಡ ನಿಜ, ಹತ್ತಿಯ ಬೋಂಡ ತಿಂದವನು ಇನ್ನೂ ಬದುಕಿದ್ದಾನೆ, ಬೇಕಾದರೆ ಕರೆಸುತ್ತೇನೆ. ನಾನು ಕೈಯಿಂದ ಸೇರಿಸಿದ್ದು ಒಂದೇ ಒಂದು ಪದ. ಆ 'ನಾಟ್'.

ಶಾಹಿದಾ ಬೆರಳು ಎತ್ತಿದಳು. "ಕೇಳಿಸಲ್ಲ ಅಂತ ಅಬ್ಬಂಗೆ ಗೊತ್ತಿತ್ತು. ಗೊತ್ತಿದ್ದೂ ಹಾಕ್ಕೊಂಡು ಕೂತ್ರು. ಔಟ್" ಅಂದಳು. ಮಸ್ತಾನ ನನ್ನ ಟು-ಇನ್-ಒನ್ ಅನ್ನು ಅದೇ ಟರ್ಕಿ ಟವಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಕುಣಿಗಲ್ ಬಸ್ಸಿನಲ್ಲಿ ಹೋದ. ಹೆಡ್‌ಫೋನು ಮಾತ್ರ ಕರಾರಿನಲ್ಲಿ ಇರಲಿಲ್ಲ, ಉಳಿಯಿತು. ಅಂದಿನಿಂದ ಅದರ ತಂತಿಯ ಇನ್ನೊಂದು ತುದಿ ನನ್ನ ಅಂಗಿಯ ಜೇಬಿನಲ್ಲಿ, ಬೀಡಿ ಕಟ್ಟಿನ ಪಕ್ಕ ಇರುತ್ತಿತ್ತು. ಸ್ಕೋರ್ ಕೇಳಿದವರು ಯಾರೂ ಜೇಬು ನೋಡಲಿಲ್ಲ. ಬ್ಯಾಟಿನ ಟಕ್ ಆಗಲಿ, ಹಾಡುವವಳಾಗಲಿ ಮತ್ತೆ ಬರಲಿಲ್ಲ. ಜೈನಾಬಿ ಕರೆದದ್ದು ಮಾತ್ರ ಒಂದೇ ಕೂಗಿಗೆ ಕೇಳಿಸುತ್ತಿತ್ತು. ಎಷ್ಟಾದರೂ ತೂತಿನ ಹೆಡ್‌ಫೋನು, ನಾನೇ ಆರಿಸಿ ತಂದದ್ದು.